ಕೋಡಿಯ ಮಠದಲ್ಲಿ ಸೂಜಿಯಿತ್ತೆ?

ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿ ಹಿಡಿದು ಹೋದರೆ ಬಳ್ಳಿಗಾವೆ ಸಿಗುತ್ತದೆ. ಅಲ್ಲಿಯ ಕೇದಾರೇಶ್ವರ ದೇವಾಲಯವನ್ನು ನೋಡದ ಸಾಹಿತ್ಯಾಭ್ಯಾಸಿ ನಮ್ಮ ಜಿಲ್ಲೆಯಲ್ಲಿ ವಿರಳ. ಕೋಡಿಯ ಮಠವೆಂದು ಹೆಸರಾದ ಕಾಳಾಮುಖ ಶೈವರ ವಿದ್ಯಾಕೇಂದ್ರ ಅಲ್ಲಿಯೇ ಇತ್ತು. ಸುಮಾರು ಮೂವತ್ತು ವರ್ಷಗಳ ಹಿಂದೆ ಶಿಕಾರಿಪುರದ ಒಂದು ಸಭೆಯಲ್ಲಿ ಈ ಮಠವನ್ನು ಕುರಿತು ಮಾತನಾಡುತ್ತ ನಾನೊಂದು ಮಾತು ಹೇಳಿಬಿಟ್ಟೆ: ಚೀನೀಯರು ತಮ್ಮದೆನ್ನುವ ಸೂಜಿ ಚಿಕಿತ್ಸೆ ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕೋಡಿಯ ಮಠದಲ್ಲಿಯೇ ನಡೆಯುತ್ತಿತ್ತು ಎಂದು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ, ಸೊರಬದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬಳಿಗೆ ಬಂದು, "ಸಾರ್, ಅದು ಶಾಸನದ ಯಾವ ಸಾಲಿನಲ್ಲಿದೆ?" ಎಂದು ಮೆಲ್ಲನೆ ಕೇಳಿದರು. ನೋಡಿ ತಿಳಿಸುತ್ತೇನೆ ಎಂದೆ. ನೋಡಲಿಲ್ಲ.

ನೋಡುವಂತೆ ಮಾಡಿದ್ದು ನನ್ನ ಸೊಂಟ. ನಿವೃತ್ತನಾದ ಮರುವರ್ಷ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕೆಂಡದ ಗೆರೆ ಎಳೆದಂಥ ನೋವು ಹತ್ತಿಕೊಂಡಿತು. ಡಾಕ್ಟರು ಸಯಾಟಿಕಾ ಎಂದರು. ನಮ್ಮ ಹಳೆಯ ವೈದ್ಯಗ್ರಂಥಗಳ ಗೃಧ್ರಸಿ. ಮಲಗಿದಲ್ಲಿಯೇ ಕಳೆದ ಮೂರು ವಾರಗಳಲ್ಲಿ, ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟವನ್ನು ತರಿಸಿ ಓದಿದೆ. ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನ; ಕಾಲ 1162; ಕಲಚುರಿ ಬಿಜ್ಜಳನ ಆಳ್ವಿಕೆ.

ಎಂಥ ಶಾಸನವದು! ವೇದಗಳು, ಕೌಮಾರ ಪಾಣಿನೀಯ ಶಾಕಟಾಯನ ವ್ಯಾಕರಣಗಳು, ಷಡ್ದರ್ಶನ, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಎಲ್ಲವನ್ನೂ ಕಲಿಸುವ ಸ್ಥಾನವೆಂದು ಮೊದಲು ಮಠದ ವಿದ್ಯೆಯನ್ನು ಹೊಗಳುತ್ತದೆ. ಅಲ್ಲಿಂದ ನೇರವಾಗಿ ಅನ್ನಕ್ಕೆ ಇಳಿಯುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬಗೆಬಗೆಯ ಸಂನ್ಯಾಸಿಗಳು, ಕ್ಷಪಣಕರು: ಇವರಿಗೆಲ್ಲ ಅನ್ನ ದೊರೆಯುವ ಸ್ಥಾನವದು. ನಾನಾ ರೋಗಿಗಳ ರೋಗಕ್ಕೆ ಭೈಷಜ್ಯ ದೊರೆಯುವ ಸ್ಥಾನ. ಸಕಲ ಪ್ರಾಣಿಗಳಿಗೂ ಅಭಯದ ಸ್ಥಾನ. ವೈದ್ಯದ ವಿಷಯವಾಗಿ ಇರುವುದು ಇಷ್ಟೇ. ಸೂಜಿಯಿಲ್ಲ, ಮರ್ಮವಿಲ್ಲ, ನರದ ಮಾತಿಲ್ಲ. ಅದನ್ನೆಲ್ಲ ಸೇರಿಸಿದವನು ನಾನು.

ಸೇರಿಸಲು ನನಗೆ ಆಧಾರವಾಗಿ ಕಂಡದ್ದು ಸುಶ್ರುತಸಂಹಿತೆಯ ನೂರೇಳು ಮರ್ಮಗಳು. ಇಂದಿಗೂ ಅವನ್ನು ಚೀನದ ಸೂಜಿಯ ಬಿಂದುಗಳೊಡನೆ ಸಮೀಕರಿಸುವವರುಂಟು. ಆದರೆ ಸುಶ್ರುತನಲ್ಲಿ ಮರ್ಮವೆಂದರೆ ಪೆಟ್ಟು ಬಿದ್ದರೆ ಪ್ರಾಣವೋ ಅಂಗವೋ ಹೋಗುವ ಜಾಗ. ಶಸ್ತ್ರವೈದ್ಯನು ತಪ್ಪಿಸಬೇಕಾದದ್ದು, ಚುಚ್ಚಬೇಕಾದದ್ದಲ್ಲ. ಹೋಲಿಕೆ ಬೇಕೆಂದರೆ ಬೇರೆಡೆ ಇದೆ. ಗೃಧ್ರಸಿಗೆ ಮೊಣಕಾಲ ಸಂದಿನಿಂದ ನಾಲ್ಕು ಬೆರಳು ಮೇಲೆ ಇಲ್ಲವೆ ಕೆಳಗೆ ಸಿರೆಯನ್ನು ಬಿಡಿಸಬೇಕೆಂದು ಅವನು ವಿಧಿಸುತ್ತಾನೆ. ಸೊಂಟದ ನೋವಿಗೆ ಮೊಣಕಾಲ ಬಳಿ ಚುಚ್ಚು! ಆದರೂ ಅವನ ಉದ್ದೇಶ ದುಷ್ಟರಕ್ತವನ್ನು ಹೊರಹಾಕುವುದೇ ಹೊರತು ನರವನ್ನು ಕೆಣಕುವುದಲ್ಲ. ನೋವಿರುವಲ್ಲಿ ಕಾಸಿ ಸುಡುವ ಅಗ್ನಿಕರ್ಮವನ್ನೂ ಅವನು ಹೇಳಿದ್ದಾನೆ.

ಈ ಸುಡುವಿಕೆಯನ್ನು ಓದಿದಾಗ ನನಗೆ ನೆನಪಾದವಳು ಸೊರಬ ಸೀಮೆಯ ನನ್ನ ಅಜ್ಜಿ. ಅವಳ ಸೊಂಟದ ಮೇಲೆ ಎರಡು ಬರೆಗಳಿದ್ದವು. ಅರಿಶಿನದ ಕೊಂಬನ್ನು ದೀಪದಲ್ಲಿ ಕಾಸಿ ಊರಿನ ಮುದುಕಿಯೊಬ್ಬಳು ಹಾಕಿದ್ದು. "ನೋವು ಹೋಯಿತೇನಜ್ಜಿ?" ಎಂದು ಹುಡುಗನಾಗಿದ್ದಾಗ ಕೇಳಿದ್ದೆ. "ಬರೆಯ ಉರಿ ಮುಂದೆ ಸೊಂಟದ ನೋವು ನೆನಪಿಗೇ ಬರಲಿಲ್ಲ ಮಗಾ" ಎಂದಿದ್ದಳು. ಅದನ್ನು ನಾನು ತಮಾಷೆಯೆಂದೇ ತಿಳಿದಿದ್ದೆ. 1979ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ದೇಹದ ಒಂದೆಡೆ ನೋವುಂಟುಮಾಡಿದರೆ ಇನ್ನೊಂದೆಡೆಯ ನೋವಿನ ಸಂದೇಶ ಬೆನ್ನುಹುರಿಯಲ್ಲಿಯೇ ಕುಗ್ಗುವುದನ್ನು ತೋರಿಸಿದರು. ಅದಕ್ಕೂ ಮೊದಲು, 1965ರಲ್ಲಿ, ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆಯೆಂಬ ವಾದವನ್ನು ಮುಂದಿಟ್ಟಿದ್ದರು: ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ, ನೋವನ್ನು ಒಯ್ಯುವ ಸಣ್ಣ ತಂತುಗಳಿಗೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಡವಿದ ಬೆರಳನ್ನು ನಾವು ಉಜ್ಜಿಕೊಳ್ಳುವುದು ಅದಕ್ಕೇ. ಚರ್ಮದ ಮೇಲೆ ಪಟ್ಟಿ ಅಂಟಿಸಿ ಸಣ್ಣ ವಿದ್ಯುತ್ತನ್ನು ಹರಿಸುವ ಯಂತ್ರಗಳು ಹುಟ್ಟಿದ್ದೂ ಈ ವಿಚಾರದಿಂದಲೇ. (ಬರೆಯನ್ನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಹಸುಗೂಸುಗಳಿಗೂ ಬರೆ ಎಳೆದ ಕ್ರೌರ್ಯ ನಮ್ಮ ನಾಡಿನದೇ.)

ಇನ್ನು ಚೀನದ ಸೂಜಿ ನಮ್ಮ ದೇಶಕ್ಕೆ ಬಂದ ಬಗೆ. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲೊಬ್ಬರು, ಕನ್ನಡಿಗರೂ ಬಹಳವಾಗಿ ನೆಲಸಿರುವ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್. ಗಾಯಾಳುಗಳ ಸೇವೆಯಲ್ಲಿಯೇ ಸವೆದು 1942ರಲ್ಲಿ, ಮೂವತ್ತೆರಡರ ಹರೆಯದಲ್ಲಿ, ಅಲ್ಲಿಯೇ ತೀರಿಕೊಂಡರು. ಹಿಂದಿರುಗಿದ ಜೊತೆಗಾರ ಬಿಜಯ ಕುಮಾರ ಬಸು ಮುಂದೆ ಮತ್ತೊಮ್ಮೆ ಚೀನಕ್ಕೆ ಹೋಗಿ ಸೂಜಿ ಚಿಕಿತ್ಸೆಯನ್ನು ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದರು. ಬಳ್ಳಿಗಾವೆಯಿಂದ ಚೀನಕ್ಕೆ ಹೋಯಿತೆಂದು ನಾನು ಸಾರಿದ ವಿದ್ಯೆ ಚೀನದಿಂದ ಕಲ್ಕತ್ತೆಯ ಮಾರ್ಗವಾಗಿ ಬಂದದ್ದು ಹೀಗೆ.

ನಾನೂ ಕೊನೆಗೆ ಶಿವಮೊಗ್ಗದಲ್ಲಿ ಹತ್ತು ಸಲ ಸೂಜಿ ಚುಚ್ಚಿಸಿಕೊಂಡೆ. ನೋವು ಇಳಿಯಿತು. ಸೂಜಿಯಿಂದಲೋ, ದಿನ ಕಳೆದುದರಿಂದಲೋ? ಗೃಧ್ರಸಿ ಎಷ್ಟೋ ವೇಳೆ ತಾನಾಗಿಯೇ ಇಳಿಯುತ್ತದೆ. ಜರ್ಮನಿಯಲ್ಲಿ ಸೊಂಟನೋವಿನವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯನ್ನು ಆಮೇಲೆ ಓದಿದೆ. ಚೀನೀ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇಕಡ 47.6 ಮಂದಿಗೆ ಗುಣ ಕಂಡಿತು. ಬಿಂದುಗಳಲ್ಲದ ಕಡೆ ಸುಮ್ಮನೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇಕಡ 44.2, ಔಷಧಿ, ವ್ಯಾಯಾಮ ಮೊದಲಾದ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇಕಡ 27.4. ಅಂದರೆ ಚುಚ್ಚಿದ್ದರಿಂದ ಏನೋ ಆಗುತ್ತದೆ, ಎಲ್ಲಿ ಚುಚ್ಚಿದರೆಂಬುದು ಅಷ್ಟು ಮುಖ್ಯವಲ್ಲವೆಂದು ತೋರುತ್ತದೆ. ಆ ಪರೀಕ್ಷೆಗೆ ಒಳಗಾದ ರೋಗಿಗಳ ಸಂಖ್ಯೆ 1162. ಕೋಡಿಯ ಮಠದ ಶಾಸನದ ಇಸವಿ! ಮೂವತ್ತು ವರ್ಷಗಳ ಹಿಂದಾಗಿದ್ದರೆ ಇದರಲ್ಲಿಯೂ ಒಂದು ಪ್ರಮಾಣವನ್ನು ಕಂಡು ಭಾಷಣ ಮಾಡುತ್ತಿದ್ದೆನೇನೋ.

ಸೊರಬದ ಆ ಪಂಡಿತರಿಗೆ ಒಂದು ಕಾರ್ಡು ಬರೆದೆ: "ನಿಮ್ಮ ಪ್ರಶ್ನೆಗೆ ಉತ್ತರ ತಡವಾಯಿತು. ಅದು ಶಾಸನದ ಯಾವ ಸಾಲಿನಲ್ಲಿಯೂ ಇಲ್ಲ." ವಾರದೊಳಗೆ ಅವರ ಪತ್ರ ಬಂತು. ಅದರಲ್ಲಿ ಶಾಸನದ ಪ್ರಸ್ತಾಪವೇ ಇರಲಿಲ್ಲ. ಸೊಂಟ ಈಗ ಹೇಗಿದೆ ಎಂದು ಕೇಳಿದ್ದರು.