ಜಲದಲ್ಲಿ ಶಬ್ದದ ವೇಗ

ಮಿಂಚು ಮೊದಲು ಕಾಣುವುದು, ಗುಡುಗು ಆಮೇಲೆ ಕೇಳುವುದು. ಶಬ್ದದ ಸಂಚಾರಕ್ಕೆ ಕಾಲವು ಬೇಕೆಂಬುದನ್ನು ಇದರಿಂದಲೇ ಎಲ್ಲರೂ ಬಲ್ಲರು. ಭರತಖಂಡದ ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದೆಣಿಸಿ, ಅದು ಕಿವಿಯನ್ನು ಸೇರುವ ಕ್ರಮವನ್ನು ವೀಚೀತರಂಗ, ಕದಂಬಮುಕುಲ ಎಂಬ ನ್ಯಾಯಗಳಿಂದ ವಿವರಿಸಿದರು. ಆದರೆ ಶಬ್ದವು ಹಾಯುವ ದ್ರವ್ಯವು ಬೇರೆಯಾದರೆ ವೇಗವೂ ಬೇರೆಯಾಗುವುದೆ ಎಂಬ ಪ್ರಶ್ನೆಗೆ ಅಳತೆಯ ಉತ್ತರವು ದೊರೆತುದು ಯೂರೋಪಿನಲ್ಲಿ.

1687ರಲ್ಲಿ ನ್ಯೂಟನ್ನನು ವಾಯುವಿನ ಒತ್ತಡ ಮತ್ತು ಸಾಂದ್ರತೆಗಳಿಂದ ಶಬ್ದವೇಗವನ್ನು ಗಣಿಸಿದನು. 1738ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನವರು ಫಿರಂಗಿಗಳನ್ನು ಹಾರಿಸಿ, ಬೆಳಕಿಗೂ ಸದ್ದಿಗೂ ನಡುವಣ ಕಾಲವನ್ನು ಅಳೆದರು. ನ್ಯೂಟನ್ನನ ಗಣಿತವು ಸುಮಾರು ಆರರಲ್ಲೊಂದು ಪಾಲು ಕಡಮೆಯಾಗಿತ್ತು. ತರಂಗವು ಅದುಮಿದ ವಾಯುವು ಕ್ಷಣಕಾಲ ಬಿಸಿಯಾಗುವುದೆಂದೂ, ಆ ಬಿಸಿಯು ಹೊರಹೋಗಲು ಎಡೆಯಿಲ್ಲದೆ ವೇಗವು ಹೆಚ್ಚುವುದೆಂದೂ 1816ರಲ್ಲಿ ಲಾಪ್ಲಾಸನು ತೋರಿಸಿದನು. ಅದಕ್ಕೆ ಮೊದಲೇ, 1808ರಲ್ಲಿ, ಬಯೋ ಎಂಬಾತನು 951 ಮೀಟರು ಉದ್ದದ ಕಬ್ಬಿಣದ ಕೊಳವೆಯ ಒಂದು ತುದಿಯನ್ನು ತಾಡಿಸಲು, ಮತ್ತೊಂದು ತುದಿಯಲ್ಲಿ ಎರಡು ಸದ್ದುಗಳು ಕೇಳಿಸಿದವು. ಮೊದಲನೆಯದು ಲೋಹದೊಳಗಿಂದ, ಎರಡನೆಯದು ವಾಯುವಿನಿಂದ ಬಂದುದು.

ಉಳಿದುದು ನೀರು. ನೀರು ಅದುಮಿದರೂ ಕುಗ್ಗದೆಂಬ ಹಳೆಯ ನಂಬಿಕೆಯನ್ನು 1762ರಲ್ಲಿ ಕ್ಯಾಂಟನ್ನನು ಅಲುಗಿಸಿದ್ದನು. ಕುಗ್ಗುವುದು ನಿಜವಾದರೆ, ಆ ಅಳತೆಯಿಂದ ಶಬ್ದವೇಗವನ್ನು ಗಣಿಸಬಹುದಷ್ಟೆ. ಈ ಗಣಿತವನ್ನು ಪರೀಕ್ಷಿಸಲು 1826ರಲ್ಲಿ ಕೊಲಾಡನ್, ಸ್ಟುರ್ಮ್ ಎಂಬ ತರುಣರಿಬ್ಬರು ಜಿನೀವಾ ಸರೋವರವನ್ನು ಆರಿಸಿಕೊಂಡರು. ರಾತ್ರಿಯಲ್ಲಿ ಎರಡು ದೋಣಿಗಳನ್ನು 13 ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ನಿಲ್ಲಿಸಿದರು. ಒಂದರಿಂದ ನೀರೊಳಕ್ಕೆ ಗಂಟೆಯನ್ನು ಇಳಿಬಿಟ್ಟು ಬಾರಿಸಿದೊಡನೆಯೇ ಮೇಲೆ ಮದ್ದು ಹೊತ್ತಿಕೊಳ್ಳುವಂತೆ ಮಾಡಿದ್ದರು. ಮತ್ತೊಂದರಲ್ಲಿದ್ದವರು ಬೆಳಕನ್ನು ಕಂಡು ಎಣಿಸತೊಡಗಿ, ನೀರಿನಲ್ಲಿ ಮುಳುಗಿಸಿದ ಉದ್ದ ಕೊಳವೆಗೆ ಕಿವಿಗೊಟ್ಟರು. ಒಂಬತ್ತು ಸೆಕೆಂಡಿಗೆ ತುಸು ಮೀರಿದ ಮೇಲೆ ನಾದವು ಬಂದಿತು. 8 ಡಿಗ್ರಿ ಉಷ್ಣತೆಯ ನೀರಿನಲ್ಲಿ ವೇಗವು ಸೆಕೆಂಡಿಗೆ 1,435 ಮೀಟರೆಂದಾಯಿತು, ಎಂದರೆ ವಾಯುವಿನಲ್ಲಿರುವುದರ ನಾಲ್ಕು ಪಟ್ಟಿಗೂ ಮಿಗಿಲು. ಗಣಿತವೂ ಅಳತೆಯೂ ಬಹುಮಟ್ಟಿಗೆ ಕೂಡಿಬಂದವು. ಇಂದಿನ ಸೂಕ್ಷ್ಮ ಯಂತ್ರಗಳು ಕೊಡುವ ಅಂಕಿಯೂ ಇದಕ್ಕೆ ತೀರ ಸಮೀಪವಾಗಿದೆ.

ದ್ರವ್ಯವು ಸಾಂದ್ರವಾದಷ್ಟೂ ಶಬ್ದವು ಶೀಘ್ರವೆಂದು ಇದರಿಂದ ತಿಳಿಯುವುದು ಸಲ್ಲದು. ಸಾಂದ್ರತೆಯು ತರಂಗವನ್ನು ತಡೆಯುವುದೇ ಹೊರತು ನೂಕುವುದಿಲ್ಲ. ನೂಕುವುದು ದ್ರವ್ಯದ ಬಿಗಿತ. ನೀರು ವಾಯುವಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದರೂ, ಅದನ್ನು ಕುಗ್ಗಿಸುವುದು ಅದಕ್ಕಿಂತಲೂ ಎಷ್ಟೋ ಪಟ್ಟು ಕಠಿನ. ಆದುದರಿಂದಲೇ ಶಬ್ದಕ್ಕೆ ಅಲ್ಲಿ ವೇಗ. ಸೀಸವು ಕಬ್ಬಿಣಕ್ಕಿಂತ ಭಾರವಾದರೂ ಮೃದು. ಅದರಲ್ಲಿ ಶಬ್ದವು ಕಬ್ಬಿಣದಲ್ಲಿರುವುದಕ್ಕಿಂತ ಬಹಳ ಮಂದ. ಭಾರಕ್ಕೂ ಬಲಕ್ಕೂ ಇರುವ ಈ ಭೇದವನ್ನು ತಿಳಿದವನಿಗೆ ಸರೋವರದ ಆ ಗಂಟೆಯು ಹೇಳಿದುದು ಪೂರ್ತಿಯಾಗಿ ಕೇಳಿಸಿದಂತೆಯೇ ಸರಿ.