ಕಾಲಯಂತ್ರವೂ ವಿಜಯನಗರವೂ

ಕಳೆದುಹೋದ ಕಾಲವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ಇತಿಹಾಸಪ್ರಿಯರೆಲ್ಲರಿಗೂ ಸಹಜವಾದುದು. ಆದರೆ ಶಾಸನ, ಕಾವ್ಯ, ಪ್ರವಾಸಿಗರ ಬರಹ, ಪಾಳುಬಿದ್ದ ಗುಡಿಗೋಪುರ ಇವುಗಳ ಮೂಲಕವಲ್ಲದೆ ಆ ಕಾಲಕ್ಕೆ ಬೇರೆ ದಾರಿಯಿಲ್ಲ. ಈ ಹಂಬಲಕ್ಕೆ ರೂಪಕೊಟ್ಟ ಕೃತಿಗಳಲ್ಲಿ 1991ರಲ್ಲಿ ತೆರೆಕಂಡ 'ಆದಿತ್ಯ 369' ಎಂಬ ತೆಲುಗು ಚಲಚ್ಚಿತ್ರವು ಗಮನಾರ್ಹವಾದುದು. ಇದರ ನಿರ್ದೇಶಕರಾದ ಶ್ರೀ ಸಿಂಗೀತಂ ಶ್ರೀನಿವಾಸರಾಯರು 'ಹಾಲು ಜೇನು' ಮೊದಲಾದ ಚಿತ್ರಗಳಿಂದ ಕನ್ನಡಿಗರಿಗೂ ಸುಪರಿಚಿತರು.

ಕಾಲಯಂತ್ರದ ಕಲ್ಪನೆಯು ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸನು 1895ರಲ್ಲಿ ಪ್ರಕಟಿಸಿದ ಕೃತಿಯಿಂದ ಪ್ರಸಿದ್ಧವಾಯಿತು. ಅವನ ಪಯಣಿಗನು ಕ್ರಿ.ಶ. 802701ಕ್ಕೂ ಅದರಾಚೆಗೂ ಹೋಗಿಬರುವನು; ಅವನು ಕಂಡು ಬಂದು ಹೇಳುವುದೆಲ್ಲವೂ ಭವಿಷ್ಯವೇ. ಭಾಗವತದಲ್ಲಿ ಬರುವ ಕಕುದ್ಮಿರಾಜನ ಕಥೆಯೂ ಇಂಥದೇ. ಮಗಳಾದ ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಆ ಅರಸನು ಕ್ಷಣಕಾಲ ಕಾದುನಿಂತಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿದ್ದುವು. ಅವನಿಗೆ ತನ್ನ ಕಾಲಕ್ಕೆ ಹಿಂದಿರುಗುವ ದಾರಿಯಿರಲಿಲ್ಲ. ತೆಲುಗು ಚಿತ್ರವಾದರೋ ಯಂತ್ರವನ್ನು ಮೊದಲು ಹಿಂದಕ್ಕೆ, ಕ್ರಿ.ಶ. 1526ರ ವಿಜಯನಗರಕ್ಕೆ, ತಿರುಗಿಸಿತು. ಇದೇ ಅದರ ವೈಶಿಷ್ಟ್ಯ.

ಈ ಆಯ್ಕೆಯು ಆಕಸ್ಮಿಕವಲ್ಲ. ಕ್ರಿ.ಶ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನು ತೆಲುಗಿನಲ್ಲಿ 'ಆಮುಕ್ತಮಾಲ್ಯದ'ವನ್ನು ರಚಿಸಿದ ಕವಿ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದ ಕನ್ನಡ ಭಾರತವನ್ನು ತಿಮ್ಮಣ್ಣಕವಿಯು ಪೂರ್ತಿಗೊಳಿಸಿದುದು ಈತನ ಆಶ್ರಯದಲ್ಲಿಯೇ. ಎರಡು ನುಡಿಗಳ ಜನರೂ ಅವನನ್ನು ತಮ್ಮವನೆನ್ನುವರು. ತೆಲುಗು ಚಿತ್ರರಂಗದಲ್ಲಂತೂ ಆ ಪಾತ್ರಕ್ಕೆ ಒಂದು ಪರಂಪರೆಯೇ ಉಂಟು: 1956ರ 'ತೆನಾಲಿ ರಾಮಕೃಷ್ಣ'ದಲ್ಲಿ ಎನ್. ಟಿ. ರಾಮರಾಯರು ಧರಿಸಿದ ಪಾತ್ರವನ್ನೇ ಅವರ ಪುತ್ರ ಬಾಲಕೃಷ್ಣ ಅವರು ಇಲ್ಲಿ ನಾಯಕನ ಪಾತ್ರದೊಡನೆ ಧರಿಸಿದ್ದಾರೆ.

ತೆರೆಯ ಮೇಲಿನ ವಿಜಯನಗರವು ಎಷ್ಟರಮಟ್ಟಿಗೆ ಚರಿತ್ರೆ? ತೆನಾಲಿ ರಾಮಕೃಷ್ಣನು ಕೃಷ್ಣದೇವರಾಯನ ಆಸ್ಥಾನದಲ್ಲಿದ್ದನೆಂಬುದು ವಿದ್ವಾಂಸರಲ್ಲಿ ವಿವಾದಗ್ರಸ್ತ ವಿಷಯ. ಚಿತ್ರವು ಜನಶ್ರುತಿಯನ್ನು ಅನುಸರಿಸಿದೆ. ವೈಭವದ ವಿಷಯದಲ್ಲಿ ಮಾತ್ರ ಅದು ಅತಿಶಯೋಕ್ತಿಯೆನ್ನಲಾಗದು. ಸುಮಾರು 1520ರಲ್ಲಿ ಬಂದ ಪೋರ್ತುಗೀಜ ಪ್ರವಾಸಿ ಪಾಯೇಸನು ಈ ನಗರವು ರೋಮಿನಷ್ಟು ದೊಡ್ಡದೆಂದೂ ಇಲ್ಲಿಯ ಪೇಟೆಗಳಲ್ಲಿ ರತ್ನಗಳು ಮಾರಾಟವಾಗುತ್ತಿದ್ದುವೆಂದೂ ಬರೆದಿರುವನು. ನಿಯತವಾದ ತೂಕವನ್ನು ಮೀರಿದ ವಜ್ರಗಳು ಅರಸನಿಗೇ ಸಲ್ಲಬೇಕಾಗಿದ್ದುವೆಂದು ಅನಂತರ ಬಂದ ನೂನಿಜನು ತಿಳಿಸುವನು. ಚಿತ್ರದ ಕಥೆಯು ಆ ಕಾಲದ ಒಂದು ವಜ್ರವನ್ನೇ ಆಶ್ರಯಿಸಿರುವುದು ಆದುದರಿಂದ ಉಚಿತವಾಗಿಯೇ ಇದೆ.

ಯಂತ್ರದ ಎರಡನೆಯ ನಿಲುಗಡೆ ಕ್ರಿ.ಶ. 2504. ಮೂರನೆಯ ಮಹಾಯುದ್ಧದ ಅಣುವಿಕಿರಣದಿಂದ ಭೂಮಿಯ ಮೇಲ್ಭಾಗವು ವಾಸಕ್ಕೆ ಅಯೋಗ್ಯವಾಗಿ, ಮನುಷ್ಯರು ನೆಲದಡಿಯಲ್ಲಿ ಬಾಳುತ್ತಿರುವರು. ಚಿತ್ರವು ಬಂದುದು ಚೆರ್ನೊಬಿಲ್ ಅಣುಸ್ಥಾವರದ 1986ರ ದುರಂತದ ಐದು ವರ್ಷಗಳ ತರುವಾಯ. ಅಂದಿನ ಪ್ರೇಕ್ಷಕರಿಗೆ ಈ ಭೀತಿಯು ಕೇವಲ ಕಲ್ಪನೆಯಾಗಿರಲಿಲ್ಲ.

ಮೇಲ್ನೋಟಕ್ಕೆ ಒಂದು ಪಯಣ ವೈಭವದ ಕಡೆಗೆ, ಇನ್ನೊಂದು ವಿನಾಶದ ಕಡೆಗೆ. ಆದರೆ ಚರಿತ್ರೆಯನ್ನು ಬಲ್ಲವರಿಗೆ ಇವೆರಡೂ ದೂರದವಲ್ಲ. 1526ಕ್ಕೂ, ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ರಾಮರಾಯನು ಮಡಿದು ರಾಜಧಾನಿಯು ಸೂರೆಯಾದ 1565ಕ್ಕೂ ನಡುವೆ ಕೇವಲ 39 ವರ್ಷಗಳು. ಅಂದು ಮಹಾನವಮಿಯ ಉತ್ಸವವನ್ನು ಕಂಡ ಬಾಲಕರಲ್ಲಿ ಹಲವರು ನಡುವಯಸ್ಸಿನಲ್ಲಿ ಊರು ಉರಿದುದನ್ನೂ ಕಂಡಿರಬೇಕು. ಪೇಟೆಯಲ್ಲಿ ರತ್ನಗಳನ್ನು ಬೆಲೆಕಟ್ಟುತ್ತಿದ್ದವರಿಗೆ ಅದರ ಸುಳಿವಿರಲಿಲ್ಲ. ಯಂತ್ರದಲ್ಲಿ ಬಂದವನಿಗೆ ಮಾತ್ರ ಅದು ಗೊತ್ತು. ಅದೇ ಯಂತ್ರವು 2504ನ್ನು ತೋರಿಸಿ ಪ್ರೇಕ್ಷಕನನ್ನೂ ಆ ಪೇಟೆಯವರ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ಇಷ್ಟೇ ಭೇದ: ವಿಜಯನಗರದ ವಿಧಿಯು ಆಗಿಹೋದುದು, ಹಂಪೆಯ ಕಲ್ಲುಗಳು ಅದಕ್ಕೆ ಸಾಕ್ಷಿ, 2504 ಇನ್ನೂ ಬಂದಿಲ್ಲ. ಅದನ್ನು ತಪ್ಪಿಸುವ ಅವಕಾಶವು ಇನ್ನೂ ಮನುಷ್ಯರ ಕೈಯಲ್ಲಿದೆ.