ಬೋರ್ಡೋ ದ್ರಾವಣ: ದ್ರಾಕ್ಷಿ ಕಳ್ಳರಿಂದ ಅಡಿಕೆ ಕೊನೆಯವರೆಗೆ

ಮೇ ತಿಂಗಳು ಮುಗಿಯೋಕೆ ಬಂತು. ಮಲೆನಾಡಿನಲ್ಲಿ ಈಗ ಯಾರ ಅಂಗಳಕ್ಕೆ ಹೋದರೂ ನೀಲಿ ಡ್ರಮ್ಮು, ಮೈಲುತುತ್ತದ ಚೀಲ, ಸುಣ್ಣದ ಮೂಟೆ. ಪೇಟೆ ಬಿಟ್ಟು ತೋಟಕ್ಕೆ ಮರಳಿದ ಇಬ್ಬರು ಮೂವರು ಹುಡುಗರು ಕೇಳಿದ್ದಾರೆ: "ರೋಗಕ್ಕೆ ಮದ್ದು ಮೈಲುತುತ್ತ ಅಂದ್ಮೇಲೆ ಸುಣ್ಣ ಯಾಕೆ? ಕಡಿಮೆ ಹಾಕಿದ್ರೆ ಆಗಲ್ವಾ?" ಆಗಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ, ಫ್ರಾನ್ಸಿಗೆ ಹೋಗಬೇಕು.

ತಾಮ್ರಕ್ಕೆ ಬೂಷ್ಟು ಹೆದರುತ್ತೆ ಅನ್ನೋದು ಹಳೇ ವಿಷಯ. 1807ರಲ್ಲೇ ಬೆನೆಡಿಕ್ಟ್ ಪ್ರೆವೋ ಅನ್ನುವವರು ಗೋಧಿಯ ಕಾಡಿಗೆ ರೋಗದ ಬೀಜಕಣಗಳನ್ನು ತಾಮ್ರದ ನೀರು ತಡೆಯುತ್ತೆ ಅಂತ ತೋರಿಸಿ ಬರೆದಿದ್ದರು. ಆದರೆ ಹಸಿರು ಗಿಡದ ಮೇಲೆ ಅದನ್ನು ಹೊಡೆಯುವ ದಾರಿ ಮುಂದಿನ ಎಪ್ಪತ್ತೈದು ವರ್ಷ ಯಾರಿಗೂ ಹೊಳೆಯಲಿಲ್ಲ. ಮೈಲುತುತ್ತದ ನೀರು ಹುಳಿ. ಬರೀ ಅದನ್ನೇ ಹೊಡೆದರೆ ರೋಗಕ್ಕೆ ಮುಂಚೆ ಎಲೆಯೇ ಸುಟ್ಟು ಹೋಗುತ್ತೆ.

ಆ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಬೇರಿನ ಕೀಟದಿಂದ ಸಾಯ್ತಾ ಇದ್ದವು. ಅದನ್ನು ತಡೆಯುವ ಬೇರು ಬೇಕು ಅಂತ ಅಮೆರಿಕದಿಂದ ಬಳ್ಳಿ ತರಿಸಿದರು. ಬಳ್ಳಿಯ ಜೊತೆ ಇನ್ನೊಂದು ರೋಗವೂ ಹಡಗು ಹತ್ತಿ ಬಂತು, ಬೂಜು ರೋಗ. 1878ರಲ್ಲಿ ಅಲ್ಲಿ ಕಾಣಿಸಿಕೊಂಡಿದ್ದು ನಾಲ್ಕೇ ವರ್ಷದಲ್ಲಿ ಎಲ್ಲ ಕಡೆ ಎಲೆ ಉದುರಿಸಿತು. (ಹೊರಗಿನಿಂದ ಸಸಿ ತರುವಾಗ ಇದು ನೆನಪಿರಲಿ. ಸಸಿ ಒಂದೇ ಬರೋದಿಲ್ಲ.)

1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ, ಸೇಂಟ್ ಜೂಲಿಯನ್ ಊರಿನ ದ್ರಾಕ್ಷಿ ತೋಟಗಳ ನಡುವೆ ಹೋಗ್ತಾ ಇದ್ದರು. ತೋಟವೆಲ್ಲ ಬೋಳು. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ನಿಂತಿದೆ, ಮೇಲೆ ನೀಲಿ-ಬಿಳಿ ಕಲೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು ಅಂತ ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದಂತೆ. ನೋಡಿದವರಿಗೆ ವಿಷ ಅನ್ನಿಸಲಿ ಅಂತ! ಮದ್ದು ಅಂತ ಯಾರೂ ಹಾಕಿದ್ದಲ್ಲ.

ಬೇರೆಯವರಾಗಿದ್ದರೆ ನಕ್ಕು ಮುಂದೆ ಹೋಗ್ತಿದ್ದರು. ಮಿಲಾರ್ಡೆ ರಸಾಯನಶಾಸ್ತ್ರಜ್ಞ ಗಯೋನ್ ಜೊತೆ ಸೇರಿ ಪ್ರಯೋಗ ಮಾಡಿ, 1885ರಲ್ಲಿ ಅಳತೆ ಸಮೇತ ಪ್ರಕಟಿಸಿದರು: 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ, ಅದಕ್ಕೆ 30 ಲೀಟರ್ ನೀರಿನಲ್ಲಿ ಕದಡಿದ 15 ಕಿಲೋ ಸುಣ್ಣ. ಗಂಜಿಯಷ್ಟು ದಪ್ಪ, ಪೊರಕೆಯಲ್ಲಿ ಎರಚಬೇಕಿತ್ತು. ಈಗ ನಾವು 100 ಲೀಟರಿಗೆ ಒಂದು ಕಿಲೋ ಹಾಕ್ತೀವಿ. ಅಷ್ಟು ತೆಳುವಾದರೂ ಸಾಕು ಅಂತ ಆಮೇಲೆ ಗೊತ್ತಾಯ್ತು.

ಸುಣ್ಣದ ಕೆಲಸ ಎರಡು. ಹುಳಿ ಕಳೆಯುತ್ತೆ. ನೀರಿನಲ್ಲಿ ಕರಗಿ ಹರಿದು ಹೋಗ್ತಿದ್ದ ತಾಮ್ರವನ್ನು ಕಾಯಿಯ ಮೈಗೆ ಅಂಟಿ ಕೂರುವ ಪದರ ಮಾಡುತ್ತೆ. ಮಳೆ ಬಿದ್ದಾಗ ಆ ಪದರದಿಂದ ಚೂರು ಚೂರೇ ತಾಮ್ರ ಬಿಡುತ್ತೆ, ಹನಿಯಲ್ಲಿ ಈಜಿ ಬರುವ ರೋಗಕಣ ಅಲ್ಲೇ ಸಾಯುತ್ತೆ. ಅಂದರೆ ಇದು ಬಾಗಿಲು ಕಾಯುವ ಮದ್ದು. ರೋಗ ಕಾಯಿಯೊಳಗೆ ಹೊಕ್ಕ ಮೇಲೆ ಎಷ್ಟು ಹೊಡೆದರೂ ಉಪಯೋಗವಿಲ್ಲ.

ನಮ್ಮಲ್ಲಿಗೆ ಬರೋಣ. ಮೊದಲೆಲ್ಲ ಕೊಳೆರೋಗಕ್ಕೆ ಕೊಟ್ಟೆ ಕಟ್ಟೋದೊಂದೇ ದಾರಿ. ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು, ಮರ ಹತ್ತಿ, ಒಂದೊಂದೇ ಕೊನೆಗೆ ಟೋಪಿ ಹಾಕಿದ ಹಾಗೆ ಕಟ್ಟಬೇಕು. ಕೆಲಸ ಎಷ್ಟು ಅಂತ ಹಿರಿಯರನ್ನೇ ಕೇಳಿ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಕೊಳೆರೋಗದ ಮೇಲೆ ಅವರ ಪುಸ್ತಿಕೆ 1910ರಲ್ಲೇ ಬಂತು. ಬೋರ್ಡೋ ಇಲ್ಲಿ ಕೆಲಸ ಮಾಡುತ್ತೆ ಅಂತ ತೋರಿಸಿದವರು ಅವರು. ನಮ್ಮ ಆಷಾಢದ ಮಳೆ ಬೋರ್ಡೋ ಊರಿನ ಮಳೆಯ ಹಾಗಲ್ಲ, ಪದರ ತೊಳೆದೇ ಬಿಡುತ್ತೆ. ಹಾಗಾಗಿ ರಾಳ-ಸೋಡಾ ಬೆರೆಸಿ ಅಂಟು ಹೆಚ್ಚಿಸಿದರು. ಮುಂಗಾರಿಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಹೊಳವಾದಾಗ ಇನ್ನೊಂದು ಸಲ ಅಂತ ನಾವು ಹೊಡೆಯೋದು ಇದೇ ಲೆಕ್ಕದ ಮೇಲೆ.

ಈಗ ಮಾಡೋದು ಹೇಗೆ? ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ. ಹರಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ರಾತ್ರಿ ಕಳೆಯೋದರೊಳಗೆ ಕರಗುತ್ತೆ, ಕಲಕೋದೇ ಬೇಡ. ಬೇರೆ ಡ್ರಮ್ಮಿನ 50 ಲೀಟರಿಗೆ ಒಂದು ಕಿಲೋ ಸುಣ್ಣ, ಅರಳಿಸಿ, ಸೋಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ತಿರುಗಾ ಮುರುಗಾ ಮಾಡಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತೆ, ನಾಜಲ್ ಕಟ್ಟುತ್ತೆ. ಕಬ್ಬಿಣದ, ತಗಡಿನ ಪಾತ್ರೆ ಬೇಡವೇ ಬೇಡ.

ಎಡವೋದು ಮಾತ್ರ ಯಾವಾಗಲೂ ಸುಣ್ಣದಲ್ಲೇ. ಮೈಲುತುತ್ತ ವರ್ಷ ಇಟ್ಟರೂ ಮೈಲುತುತ್ತವೇ. ಸುಣ್ಣ ಗಾಳಿ ಕುಡಿದು ಸೀಮೆಸುಣ್ಣವಾಗುತ್ತೆ, ನೋಡೋಕೆ ಅದೇ ಬಿಳಿ ಪುಡಿ. ಹೋದ ವರ್ಷ ಪೇಟೆಯ ಒಂದು ಅಂಗಡಿಯಿಂದ ಬಂದ ಮೂಟೆಗೆ ನೀರು ಹಾಕಿದರೆ ಬಿಸಿಯೂ ಇಲ್ಲ, ಕುದಿಯೂ ಇಲ್ಲ. ಹಾಗೇ ವಾಪಸ್ ಕಳಿಸಿದೆ. ಒಳ್ಳೇ ಸುಟ್ಟ ಸುಣ್ಣ ನೀರು ಬಿದ್ದ ಕೂಡಲೇ ಬುಸುಗುಟ್ಟಬೇಕು. ಒಂದಕ್ಕೊಂದು ಕಿಲೋ ಅನ್ನುವ ಅಳತೆ ಅಂಥ ಸುಣ್ಣಕ್ಕೆ ಮಾತ್ರ.

ಅದಕ್ಕೇ ಹೊಡೆಯುವ ಮೊದಲು ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯೋ ಮೊಳೆಯೋ ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರದ ಬಣ್ಣ ಹಿಡಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಬಣ್ಣ ಹಿಡಿಯದಿದ್ದರೆ ಸರಿ. ಮಾಡಿದ್ದು ಅವತ್ತೇ ಖಾಲಿಯಾಗಲಿ, ನಾಳೆಗೆ ಅಂಟುಗುಣ ಇರೋದಿಲ್ಲ.

ಹಿತ್ತಲಿನ ಟೊಮೆಟೊಗೆ, ನಿಂಬೆಗೆ ಬೇಕಾದವರು 10 ಲೀಟರಿಗೆ ನೂರು ನೂರು ಗ್ರಾಂ ಲೆಕ್ಕ ಹಿಡಿಯಿರಿ. ಕೊಯ್ಯೋಕೆ ಬಂದ ಸೊಪ್ಪಿಗೆ ಬೇಡ. ಹೆಚ್ಚು ಹೊಡೆದಷ್ಟೂ ಒಳ್ಳೇದು ಅನ್ನೋ ಮಾತನ್ನೂ ನಾನು ಒಪ್ಪಲ್ಲ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು ಕಾಲು ಕಿಲೋ ತಾಮ್ರವಿದೆ, ಮಣ್ಣಿಗೆ ಬಿದ್ದ ತಾಮ್ರ ಕೊಳೆಯೋದೂ ಇಲ್ಲ, ಆರೋದೂ ಇಲ್ಲ. ಶತಮಾನ ಕಾಲ ಹೊಡೆದ ಯುರೋಪಿನಲ್ಲಿ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ದಾಟಬಾರದು ಅಂತ ಮಿತಿ ಹಾಕಿದ್ದಾರೆ. ನಾನು ಎರಡು ಸಲ ಹೊಡೀತೀನಿ, ಮಳೆ ಜಗ್ಗದೇ ಸುರಿದ ವರ್ಷ ಮಾತ್ರ ಮೂರನೇದು. ಡ್ರಮ್ ತೊಳೆದ ನೀರು ತೋಡಿಗೆ ಬಿಡಬೇಡಿ, ಮೀನು ಸಾಯ್ತವೆ.